ರಿಜಿಸ್ಟ್ರೇಷನ್ ಕೈಗೆ ಬಂತು, ಮುಂದೆ?

ಕೆಲಸ ಸಿಗುತ್ತದೆ. ಫೋನ್ ಮಾಡುವ ಮಕ್ಕಳೆಲ್ಲ ಮೊದಲು ಕೇಳುವುದು ಅದನ್ನೇ ಆದ್ದರಿಂದ ಉತ್ತರವನ್ನೂ ಮೊದಲೇ ಹೇಳಿಬಿಡುತ್ತೇನೆ. ಬಿಎಸ್ಸಿ ನರ್ಸಿಂಗ್ ಆಗಲಿ ಜಿಎನ್‌ಎಂ ಆಗಲಿ ಮುಗಿಸಿ, ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ಬರೆಸಿಕೊಂಡು, ನೈಟ್ ಡ್ಯೂಟಿಗೆ ಹೆದರದವರು ಖಾಲಿ ಕೂತದ್ದನ್ನು ನಾನು ಕಂಡದ್ದು ಬಹಳ ಕಡಿಮೆ. ಆದರೆ ಸಿಗುವ ಕೆಲಸ ಎಂಥದ್ದು, ಅಲ್ಲಿಂದ ಮುಂದಕ್ಕೆ ದಾರಿ ಇದೆಯೋ ಇಲ್ಲವೋ ಎನ್ನುವುದು ಬೇರೆಯೇ ಮಾತು. ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿ ಸೇರಿ ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿ ನಿವೃತ್ತಳಾದವಳು. ಪಾಸಾದ ಹೊಸತರಲ್ಲಿ ಎಡವಿದವರಿಗೆ ಮತ್ತೆ ದಾರಿಗೆ ಬರಲು ಹತ್ತು ವರ್ಷ ಹಿಡಿದದ್ದನ್ನು ಹತ್ತಿರದಿಂದ ನೋಡಿದ್ದೇನೆ.

ಈಚೆಗೆ ಇನ್ನೊಂದು ಬಗೆಯ ಫೋನೂ ಬರುತ್ತದೆ. ಮೂವತ್ತು ದಾಟಿದ ಹೆಂಗಸರು, ಅಪರೂಪಕ್ಕೆ ಗಂಡಸರು. ಗಾರ್ಮೆಂಟ್ಸಿನಲ್ಲಿ ಹೊಲಿಯುತ್ತಿದ್ದವರು, ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದವರು, ಆಶಾ ಕಾರ್ಯಕರ್ತೆಯರು, ಗಂಡ ತೀರಿಕೊಂಡ ಮೇಲೆ ಏನಾದರೊಂದು ಗಟ್ಟಿ ಕಸುಬು ಬೇಕೆಂದವರು. "ಅಕ್ಕಾ, ಈಗ ನರ್ಸಿಂಗ್ ಮಾಡಿದರೆ ಆಗುತ್ತಾ?" ಎಂದು ಕೇಳುತ್ತಾರೆ. ಅವರಿಗೆ ಹೇಳಬೇಕಾದ್ದು ಬೇರೆ ಇದೆ, ಆಮೇಲೆ ಹೇಳುತ್ತೇನೆ.

ಹೊಸಬರ ಸಂಬಳದ ಮಾತು ಮೊದಲು. ಜಿಲ್ಲಾ ಕೇಂದ್ರದ, ತಾಲ್ಲೂಕಿನ ನರ್ಸಿಂಗ್ ಹೋಮುಗಳಲ್ಲಿ ಈಗಲೂ 12,000, 15,000 ರೂಪಾಯಿ ಎಂದೇ ಶುರುಮಾಡುತ್ತಾರೆ. ಅದೇ ಓದು ಓದಿದವಳು ಏಮ್ಸ್‌ನಲ್ಲಿ ನರ್ಸಿಂಗ್ ಆಫೀಸರ್ ಆದರೆ ಮೂಲ ವೇತನವೇ 44,900. ಭತ್ಯೆಗಳು ಅದರ ಮೇಲೆ. ಒಂದೇ ಕಸುಬಿನಲ್ಲಿ ಇಷ್ಟು ಅಂತರ ಯಾಕೆಂದರೆ ನಮ್ಮ ರಾಜ್ಯದಲ್ಲಿ ನರ್ಸಿಂಗ್ ಕಾಲೇಜುಗಳು ವಿಪರೀತ. ಕೇರಳ, ಬಂಗಾಳ, ಮಣಿಪುರದಿಂದಲೂ ಇಲ್ಲಿಗೇ ಓದಲು ಬರುತ್ತಾರೆ. ವರ್ಷ ವರ್ಷ ಹೊಸ ಬ್ಯಾಚು ಹೊರಗೆ ಬೀಳುತ್ತಿರುವಾಗ ಸಣ್ಣ ಆಸ್ಪತ್ರೆಯ ಮಾಲೀಕರಿಗೆ ಹಳಬರನ್ನು ಉಳಿಸಿಕೊಳ್ಳುವ ಗರಜೇ ಇಲ್ಲ. ಹೋದರೆ ಹೋಗಲಿ, ಇನ್ನೊಬ್ಬಳು ಬರುತ್ತಾಳೆ.

ಹಾಗೆಂದು ಇದನ್ನು ಯಾರೂ ಪ್ರಶ್ನಿಸಿಲ್ಲ ಎಂದಲ್ಲ. ಟ್ರೇನ್ಡ್ ನರ್ಸಸ್ ಅಸೋಸಿಯೇಷನ್ ಆಫ್ ಇಂಡಿಯಾ ಹೂಡಿದ್ದ ಮೊಕದ್ದಮೆಯಲ್ಲಿ 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಮಿತಿ ರಚಿಸಲು ಹೇಳಿತು. 50 ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯೂ ನರ್ಸ್‌ಗೆ ತಿಂಗಳಿಗೆ 20,000ಕ್ಕಿಂತ ಕಡಿಮೆ ಕೊಡಬಾರದು, 200 ಹಾಸಿಗೆ ಮೀರಿದ್ದಾದರೆ ರಾಜ್ಯ ಸರ್ಕಾರದ ಸಂಬಳಕ್ಕೆ ಸಮನಾಗಿ ಕೊಡಬೇಕು ಎಂದು ಸಮಿತಿ ಶಿಫಾರಸು ಮಾಡಿತು. ಶಿಫಾರಸಾಗಿ ಹತ್ತು ವರ್ಷವಾಗುತ್ತ ಬಂತು. ಸಂದರ್ಶನದಲ್ಲಿ ಅದನ್ನು ಎತ್ತಿದರೆ ಎದುರಿಗೆ ಕೂತವರು ನಗುತ್ತಾರೆ. ಆದರೂ ಲೆಕ್ಕ ನಿಮಗೆ ಗೊತ್ತಿರಲಿ. ನಾಳೆ ನೀವೇ ಆ ಮೇಜಿನ ಆಚೆ ಕೂರುವವರು.

ನಾನು ಒತ್ತಿ ಹೇಳುವುದು ಒಂದೇ ಮಾತು. ಮೊದಲ ಎರಡು ವರ್ಷ ಎಲ್ಲಿ ಕೆಲಸ ಮಾಡುತ್ತೀರಿ ಎನ್ನುವುದನ್ನು ಸಂಬಳ ನೋಡಿ ತೀರ್ಮಾನಿಸಬೇಡಿ, ಮನೆಗೆ ಎಷ್ಟು ಹತ್ತಿರ ಎಂದೂ ನೋಡಬೇಡಿ. ಅಲ್ಲಿ ಕೆಲಸ ಕಲಿಯುತ್ತೀರಾ, ಆ ಅನುಭವವನ್ನು ನಾಳೆ ಇನ್ನೊಬ್ಬರು ಒಪ್ಪುತ್ತಾರಾ ಎಂದು ನೋಡಿ. ಇದು ಬರೀ ಉಪದೇಶವಲ್ಲ, ನಿಯಮದಲ್ಲೇ ಇದೆ. ಏಮ್ಸ್‌ನವರ ನಾರ್ಸೆಟ್ ಪರೀಕ್ಷೆಗೆ ಬಿಎಸ್ಸಿಯವರು ನೇರವಾಗಿ ಕೂರಬಹುದು. ಜಿಎನ್‌ಎಂ ಆದವರಿಗೆ ಮಾತ್ರ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ಮನೆ ಪಕ್ಕದ 20 ಹಾಸಿಗೆಯ ನರ್ಸಿಂಗ್ ಹೋಮಿನಲ್ಲಿ ಐದು ವರ್ಷ ಸವೆದರೂ ಆ ಅರ್ಜಿಯಲ್ಲಿ ಅದಕ್ಕೆ ಬೆಲೆಯಿಲ್ಲ. ಗಲ್ಫಿನ ಆಸ್ಪತ್ರೆಗಳೂ ಸಾಮಾನ್ಯವಾಗಿ ಕೇಳುವುದು ಎರಡು ವರ್ಷವನ್ನೇ, ಅದೂ ಐಸಿಯು, ಒಟಿ, ಎಮರ್ಜೆನ್ಸಿ, ಡಯಾಲಿಸಿಸ್ ಎಂದು ವಿಭಾಗದ ಹೆಸರು ಹಿಡಿದು. 'ಜನರಲ್' ಎಂದು ಬರೆದ ಸರ್ಟಿಫಿಕೇಟನ್ನು ಅವರು ಪಕ್ಕಕ್ಕಿಡುತ್ತಾರೆ.

ಒಳ್ಳೆಯ ಆಸ್ಪತ್ರೆ ಯಾವುದೆಂದು ಹೇಗೆ ತಿಳಿಯುವುದು? ಗೋಡೆಯ ಮೇಲಿನ ಎನ್‌ಎಬಿಎಚ್ ಮಾನ್ಯತೆಯ ಫಲಕ ನೋಡಿ, ಆದರೆ ಅಷ್ಟಕ್ಕೇ ನಿಲ್ಲಬೇಡಿ. ಬೆಳಿಗ್ಗೆ ನೈಟ್ ಮುಗಿಸಿ ಹೊರಗೆ ಬರುವ ಹುಡುಗಿಯರನ್ನು ಗೇಟಿನ ಹತ್ತಿರ, ಟೀ ಅಂಗಡಿಯಲ್ಲಿ ಮಾತಾಡಿಸಿ. ರಾತ್ರಿ ಎಷ್ಟು ಜನ ರೋಗಿಗಳಿಗೆ ಒಬ್ಬಳಿದ್ದೆ ಎಂದು ಕೇಳಿ. ವಾರ್ಡಿನಲ್ಲಿ ಐದಾರು ಜನಕ್ಕೆ ಒಬ್ಬರು, ವೆಂಟಿಲೇಟರ್ ಹಾಕಿದ ರೋಗಿಗೆ ಒಬ್ಬರೇ ಪೂರ್ತಿ, ಇದು ಪುಸ್ತಕದ ಲೆಕ್ಕ. ಪುಸ್ತಕದಂತೆ ಎಲ್ಲೂ ಇರುವುದಿಲ್ಲ ಎನ್ನುವುದು ನನಗೂ ಗೊತ್ತು. ಹತ್ತು ಹನ್ನೆರಡಾದರೆ ಹೇಗೋ ತೂಗಿಸಬಹುದು. ಮೂವತ್ತಕ್ಕೆ ಒಬ್ಬಳು ಎಂದರೆ ಅಲ್ಲಿ ನೀವು ಕಲಿಯುವುದು ಓಡುವುದನ್ನು ಮಾತ್ರ. ಇನ್ಸುಲಿನ್, ಹೆಪಾರಿನ್ ಹಾಕುವ ಮುಂಚೆ ಇನ್ನೊಬ್ಬ ಸಿಸ್ಟರ್ ಡೋಸ್ ನೋಡಿ ಸಹಿ ಹಾಕುತ್ತಾರಾ ಎಂದು ಕೇಳಿ. ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲ್‌ಗಳನ್ನು ಉಳಿದ ಔಷಧದ ಜೊತೆಗೇ ಒಂದೇ ಟ್ರೇಯಲ್ಲಿ ಇಡುತ್ತಾರಾ, ಬೇರೆ ಬೀಗದಲ್ಲಿ ಇಡುತ್ತಾರಾ ಎಂದು ಕೇಳಿ. ಅದನ್ನು ಐವಿ ದ್ರಾವಣದಲ್ಲಿ ಬೆರೆಸದೆ ನೇರ ಶಿರೆಗೆ ಕೊಟ್ಟರೆ ಹೃದಯ ನಿಲ್ಲುತ್ತದೆ. ಆ ಒಂದು ಆಂಪೂಲ್ ಇಡುವ ಜಾಗ ನೋಡಿದರೆ ಆಸ್ಪತ್ರೆ ಎಂಥದ್ದೆಂದು ಅರ್ಧ ತಿಳಿಯುತ್ತದೆ. ಹ್ಯಾಂಡೊವರ್ ರೋಗಿಯ ಹಾಸಿಗೆಯ ಬಳಿ ನಡೆಯುತ್ತದೋ, ಕೌಂಟರಿನಲ್ಲಿ ಬ್ಯಾಗು ಹೆಗಲಿಗೇರಿಸಿಕೊಂಡು ನಡೆಯುತ್ತದೋ ಎಂದೂ ವಿಚಾರಿಸಿ. ಬಿಲ್ಲು ಹಾಕುವುದು, ಮೆಡಿಕಲ್ ಶಾಪಿಗೆ ಓಡುವುದು, ಡಾಕ್ಟರ ಮನೆಗೆ ಫೈಲು ತಲುಪಿಸುವುದು ನರ್ಸಿನ ಪಾಲಿಗೇ ಬಂದಿದ್ದರೆ ಆ ಕಡೆ ತಲೆ ಹಾಕಬೇಡಿ.

ಮೆಡಿಕಲ್ ಕಾಲೇಜುಗಳಿಗೆ ಸೇರಿದ ಸರ್ಕಾರಿ ಆಸ್ಪತ್ರೆಗಳಲ್ಲಿ ಗುತ್ತಿಗೆ ಕೆಲಸ ಸಿಕ್ಕರೆ ಸಂಬಳ ಕಡಿಮೆ ಎಂದು ಮೂಗು ಮುರಿಯಬೇಡಿ. ಜನ ಈಗಲೂ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಆಸ್ಪತ್ರೆ, ಮಂಗಳೂರಿನ ವೆನ್‌ಲಾಕ್, ಮೈಸೂರಿನ ಕೆ.ಆರ್. ಆಸ್ಪತ್ರೆ, ಶಿವಮೊಗ್ಗದ ಮೆಗ್ಗಾನ್, ಇಂಥ ಕಡೆ ಒಂದು ತಿಂಗಳಲ್ಲಿ ಕಾಣುವ ಕೇಸುಗಳನ್ನು ಗಾಜಿನ ಬಾಗಿಲಿನ ಆಸ್ಪತ್ರೆಯಲ್ಲಿ ವರ್ಷವಾದರೂ ಕಾಣುವುದಿಲ್ಲ. ಹಾವು ಕಚ್ಚಿದವರು, ಕೀಟನಾಶಕ ಕುಡಿದವರು, ಹೆರಿಗೆಯಾಗಿ ರಕ್ತಸ್ರಾವ ನಿಲ್ಲದೆ ಆಂಬ್ಯುಲೆನ್ಸಿನಲ್ಲಿ ಬಂದವರು, ಎಲ್ಲರೂ ಅಲ್ಲಿಗೇ ಬರುವುದು. ಗ್ಲೌಸ್ ಖಾಲಿಯಾಗಿರುತ್ತದೆ, ಇನ್‌ಚಾರ್ಜ್ ಬೈಯುತ್ತಾರೆ, ನಿಜ. ಕೈ ಮಾತ್ರ ಪಳಗುತ್ತದೆ.

ಸೇರುವ ದಿನವೇ ಮೂರು ಕಾಗದದ ಮೇಲೆ ಕಣ್ಣಿಡಿ. ಹುದ್ದೆ, ವಿಭಾಗ, ಸಂಬಳ ಬರೆದ ನೇಮಕಾತಿ ಪತ್ರ. ತಿಂಗಳ ಸಂಬಳದ ಚೀಟಿ. ಪಿಎಫ್ ಖಾತೆಯ ಯುಎಎನ್ ಸಂಖ್ಯೆ. ಇಪ್ಪತ್ತು ಜನ ದುಡಿಯುವ ಸಂಸ್ಥೆಯೆಂದರೆ ಪಿಎಫ್ ಕಟ್ಟಲೇಬೇಕು. ಸಂಬಳ 21,000ದ ಒಳಗಿದ್ದರೆ ಇಎಸ್‌ಐ ಕೂಡ ಬರಬೇಕು. "ಪಿಎಫ್ ಬೇಡ ಬಿಡಮ್ಮ, ಆ ದುಡ್ಡೂ ಕೈಗೇ ಕೊಡ್ತೀವಿ" ಎಂದು ಸವಿಯಾಗಿ ಹೇಳುವವರಿದ್ದಾರೆ. ಒಪ್ಪಬೇಡಿ. ನಾಳೆ ಆಸ್ಪತ್ರೆ ಮುಚ್ಚಿಹೋದರೂ, ಮ್ಯಾನೇಜರ್ ಜೊತೆ ಮನಸ್ತಾಪವಾಗಿ ಅನುಭವದ ಪತ್ರ ಕೊಡದಿದ್ದರೂ, ನೀವು ಅಲ್ಲಿ ದುಡಿದಿರಿ ಎಂದು ಸಾಕ್ಷಿ ಹೇಳುವುದು ಆ ಪಿಎಫ್ ಪಾಸ್‌ಬುಕ್ಕೇ.

ಇನ್ನು ಬಾಂಡು. ಎರಡು ವರ್ಷ ಬಿಡುವುದಿಲ್ಲವೆಂದು ಬರೆಸಿಕೊಂಡು ಒರಿಜಿನಲ್ ಮಾರ್ಕ್ಸ್ ಕಾರ್ಡುಗಳನ್ನು ಬೀರುವಿನಲ್ಲಿಟ್ಟುಕೊಳ್ಳುವ ಆಸ್ಪತ್ರೆಗಳು ಇನ್ನೂ ಇವೆ. ನಮ್ಮ ವಾರ್ಡಿನಲ್ಲಿ ಗುತ್ತಿಗೆಯ ಮೇಲಿದ್ದ ಹುಡುಗಿಯೊಬ್ಬಳು ಸರ್ಕಾರಿ ನೇಮಕಾತಿಯ ದಾಖಲೆ ಪರಿಶೀಲನೆಗೆ ಹೋಗಬೇಕಾದ ದಿನ ಹಿಂದಿನ ಆಸ್ಪತ್ರೆಯವರ ಬಾಗಿಲಲ್ಲಿ ಕೂತು ಅತ್ತಿದ್ದಳು. ಅವರು ಕಾಗದ ಕೊಟ್ಟದ್ದು ಸಂಜೆ. ನಿಮ್ಮ ಓದಿನ ಸರ್ಟಿಫಿಕೇಟನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕು ಯಾವ ಕೆಲಸ ಕೊಡುವವರಿಗೂ ಇಲ್ಲ. ಒರಿಜಿನಲ್ ತೋರಿಸಿ, ಜೆರಾಕ್ಸ್ ಕೊಟ್ಟು, ಒರಿಜಿನಲ್ ವಾಪಸ್ ಬ್ಯಾಗಿಗೆ ಹಾಕಿಕೊಂಡು ಬನ್ನಿ. ಕೊಡಲೇಬೇಕೆಂದು ಹಠ ಹಿಡಿದರೆ ಆ ಕೆಲಸ ಬೇಡ. ಇಂಥ ಕಡೆ ಇಲ್ಲವೆನ್ನಲು ಧೈರ್ಯ ಬೇಕು, ಮನೆಯಲ್ಲಿ ಸಾಲವಿದ್ದಾಗ ಅದು ಇನ್ನೂ ಕಷ್ಟ. ಅದಕ್ಕೇ ಒಬ್ಬರೇ ಹೋಗಬೇಡಿ, ಕ್ಲಾಸ್‌ಮೇಟುಗಳು ಮೂವರು ನಾಲ್ವರು ಕೂಡಿಯೇ ಹೋಗಿ. ಗುಂಪಿಗೆ ಒತ್ತಾಯ ಮಾಡುವುದು ಅವರಿಗೂ ಕಷ್ಟ.

ಸರ್ಕಾರಿ ಕೆಲಸದ ಕನಸು ಎಲ್ಲರಿಗೂ ಇದೆ, ತಪ್ಪಿಲ್ಲ. ಆದರೆ ಬರೀ ರಾಜ್ಯದ ಅಧಿಸೂಚನೆಗೆ ಕಾದು ಕೂರುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅದು ಬರುವುದು ಯಾವಾಗಲೋ, ಬಂದರೂ ಕೋರ್ಟು ಮೆಟ್ಟಿಲು ಹತ್ತಿ ಇಳಿಯುವುದು ಯಾವಾಗಲೋ. ನಾರ್ಸೆಟ್ 2020ರಿಂದ ನಡೆಯುತ್ತಿದೆ. ಬೇರೆ ಬೇರೆ ಏಮ್ಸ್‌ಗಳಿಗೆ ಒಂದೇ ಪರೀಕ್ಷೆ. ವಯಸ್ಸು 18ರಿಂದ 30, ಹಿಂದುಳಿದ ವರ್ಗಕ್ಕೆ ಮೂರು, ಪರಿಶಿಷ್ಟರಿಗೆ ಐದು ವರ್ಷ ಸಡಿಲಿಕೆ. ಹುದ್ದೆಗಳಲ್ಲಿ 80 ಭಾಗ ಹೆಂಗಸರಿಗೆ, 20 ಭಾಗ ಗಂಡಸರಿಗೆ. ಹಾಗಾಗಿ ಹುಡುಗರಿಗೆ ಅಲ್ಲಿ ಪೈಪೋಟಿ ಜಾಸ್ತಿ. ರೈಲ್ವೆಯವರು ನರ್ಸನ್ನು ಸೇರಿಸಿಕೊಳ್ಳುವುದೇ 'ನರ್ಸಿಂಗ್ ಸೂಪರಿಂಟೆಂಡೆಂಟ್' ಎಂಬ ಹೆಸರಿನಲ್ಲಿ. ನಾನು ತಲೆ ನೆರೆಯುವವರೆಗೆ ದುಡಿದು ಪಡೆದ ಹೆಸರನ್ನು ಅವರು ಮೊದಲ ದಿನವೇ ಕೊಟ್ಟುಬಿಡುತ್ತಾರೆ, ಅದೇ 44,900ರ ಶ್ರೇಣಿಯಲ್ಲಿ. ಹುಡುಗಿಯರಿಗೆ ಮಿಲಿಟರಿ ನರ್ಸಿಂಗ್ ಸರ್ವಿಸ್ ಇದೆ. ಬಿಎಸ್ಸಿ ಮುಗಿಸಿ ಆಯ್ಕೆಯಾದರೆ ಲೆಫ್ಟಿನೆಂಟ್ ಆಗಿ ಸೇರುತ್ತೀರಿ. ನಮ್ಮೂರ ಕಡೆ ಅದರ ಅರ್ಜಿ ಹಾಕುವವರೇ ಕಡಿಮೆ. ಅಪ್ಪ ಅಮ್ಮಂದಿರಿಗೆ ಗಡಿ, ಯುದ್ಧ ಎಂಬ ಭಯ.

ಬಿಎಸ್ಸಿಯವರಿಗೆ ಹಳ್ಳಿಯ ಆರೋಗ್ಯ ಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿಎಚ್‌ಒ ಕೆಲಸವೂ ಇದೆ. ಗುತ್ತಿಗೆ ಕೆಲಸ, ಭದ್ರತೆಯಿಲ್ಲ, ಆನ್‌ಲೈನ್ ಎಂಟ್ರಿಯ ಕಾಟ ಬೇರೆ. ಆದರೆ ಡಾಕ್ಟರಿಲ್ಲದ ಊರಿನಲ್ಲಿ ಬಿಪಿ ಶುಗರ್ ನೋಡಿ ತೀರ್ಮಾನ ಮಾಡುವವರು ನೀವೇ. ವಾರ್ಡಿನಲ್ಲಿ ಯಾರೋ ಹೇಳಿದ್ದನ್ನು ಮಾಡುವುದಕ್ಕಿಂತ ಇದು ಬೇರೆ ಅನುಭವ. ಮೊದಲು ಒಂದೆರಡು ವರ್ಷ ವಾರ್ಡಿನಲ್ಲಿ ದುಡಿದು ಆಮೇಲೆ ಹೋದರೆ ಚೆನ್ನ. ನೇರ ಹೋದರೆ ಕ್ಯಾನುಲಾ ಹಾಕುವುದೇ ಮರೆತುಹೋಗುತ್ತದೆ.

ರಾಜ್ಯದ ಅಧಿಸೂಚನೆ ಬಂದ ಮೇಲೆ ಸರ್ಟಿಫಿಕೇಟಿಗೆ ನಾಡಕಚೇರಿಗೆ ಓಡಬೇಡಿ. ಜಾತಿ ಆದಾಯ ಪತ್ರ, ಗ್ರಾಮೀಣ ಅಭ್ಯರ್ಥಿ ಪತ್ರ, ಕನ್ನಡ ಮಾಧ್ಯಮದ ಪತ್ರ, ಎಲ್ಲ ಈಗಲೇ ತೆಗೆದಿಡಿ. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಯವರಿಗೆ ಸಂವಿಧಾನದ 371ಜೆ ವಿಧಿಯಡಿ ಮೀಸಲಾತಿಯಿದೆ. ಆ ಅರ್ಹತಾ ಪತ್ರ ಉಪವಿಭಾಗಾಧಿಕಾರಿಗಳ ಕಚೇರಿಯಿಂದ ಬರಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಬೀದರಿನ, ರಾಯಚೂರಿನ ಮಕ್ಕಳು ಬೆಂಗಳೂರಿನ ಪಿ.ಜಿ.ಯಲ್ಲಿ ಕೂತು ಇದನ್ನು ಮರೆತೇಬಿಡುತ್ತಾರೆ.

ವಿದೇಶದ ಮಾತಿಗೆ ಬರೋಣ, ನಿಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇರುವುದು ಅದೇ ಮಾತಲ್ಲವೇ. ಗಲ್ಫಿಗೆ ಹೋಗಬೇಕಾದರೆ ಆಯಾ ದೇಶದ ಲೈಸೆನ್ಸ್ ಪರೀಕ್ಷೆ, ಅದಕ್ಕೂ ಮುಂಚೆ ಡೇಟಾಫ್ಲೋ. ಅವರು ನಿಮ್ಮ ಪ್ರತಿಯೊಂದು ಕಾಗದವನ್ನೂ ಅದನ್ನು ಕೊಟ್ಟ ಕಾಲೇಜಿಗೆ, ಕೌನ್ಸಿಲ್‌ಗೆ, ಆಸ್ಪತ್ರೆಗೇ ಕಳಿಸಿ ನಿಜವೇ ಎಂದು ಕೇಳುತ್ತಾರೆ. ಹತ್ತು ಸಾವಿರಕ್ಕೆ ಅನುಭವದ ಪತ್ರ ಮಾಡಿಸಿಕೊಡುವವರು ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಒಮ್ಮೆ ಅಲ್ಲಿ ಸುಳ್ಳೆಂದು ದಾಖಲಾದರೆ ಆ ಕಲೆ ಅಳಿಸುವುದು ಬಲು ಕಷ್ಟ.

ಏಜೆಂಟರ ವಿಷಯದಲ್ಲಿ ಒಂದು ಲೆಕ್ಕ ನೆನಪಿಡಿ. ನೋಂದಾಯಿತ ಏಜೆಂಟ್ ನಿಮ್ಮಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಲಕ್ಷಗಟ್ಟಲೆ ಕೇಳುವವನು ಕಾನೂನಿನ ಆಚೆಗಿದ್ದಾನೆ ಎಂದೇ ಅರ್ಥ. ಕುವೈತ್ ನೇಮಕಾತಿಯ ಹೆಸರಿನಲ್ಲಿ ಕೇರಳದ ನರ್ಸ್‌ಗಳಿಂದ ಲಕ್ಷ ಲಕ್ಷ ಸುಲಿದ ಹಗರಣದ ನಂತರ, 2015ರಿಂದ ಗಲ್ಫ್ ಮೊದಲಾದ ದೇಶಗಳಿಗೆ ನರ್ಸ್‌ಗಳನ್ನು ಕಳಿಸುವುದನ್ನು ಕೇಂದ್ರ ಸರ್ಕಾರ ತಾನು ಒಪ್ಪಿದ ಸಂಸ್ಥೆಗಳಿಗೆ ಮಾತ್ರ ಬಿಟ್ಟಿದೆ. ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ದಾಖಲಾಗದೆ, ವಿಸಿಟ್ ವೀಸಾದ ಮೇಲೆ ವಿಮಾನ ಹತ್ತಬೇಡಿ. ನಮ್ಮ ರಾಜ್ಯದ ಕೌಶಲ್ಯಾಭಿವೃದ್ಧಿ ಇಲಾಖೆಯಲ್ಲೂ ಅಂತರರಾಷ್ಟ್ರೀಯ ವಲಸೆ ಕೇಂದ್ರ ಇದೆ. ಮೊದಲು ಅಲ್ಲಿ ಕೇಳಿ. 2014ರಲ್ಲಿ ಇರಾಕಿನ ತಿಕ್ರಿತ್‌ನಲ್ಲಿ ಯುದ್ಧದ ನಡುವೆ ಸಿಕ್ಕಿಬಿದ್ದು ಜುಲೈನಲ್ಲಿ ಮರಳಿದ 46 ನರ್ಸ್‌ಗಳನ್ನು ನೆನಪಿಸಿಕೊಳ್ಳಿ. ಅವರಲ್ಲಿ ಹಲವರಿಗೆ ಬಾಂಬಿನಷ್ಟೇ ಭಯ ಇದ್ದದ್ದು ಊರಲ್ಲಿ ಮಾಡಿಟ್ಟು ಬಂದ ಸಾಲದ್ದು.

ಇಂಗ್ಲೆಂಡಿನ ಬಾಗಿಲು ಕೋವಿಡ್ ನಂತರ ತೆರೆದಿದ್ದಷ್ಟು ಈಗ ತೆರೆದಿಲ್ಲ. ಅಲ್ಲಿಯೇ ಓದಿ ಬಂದ ಹೊಸ ನರ್ಸ್‌ಗಳಿಗೂ ಕೆಲಸ ಹುಡುಕುವುದು ಕಷ್ಟವಾಗಿದೆ. 'ಕೇರ್ ವರ್ಕರ್' ವೀಸಾ ಅಂತೂ 2025ರ ಜುಲೈನಿಂದ ಹೊರದೇಶದ ಹೊಸಬರಿಗೆ ಬಂದ್. ಇನ್ನೂ ಅದನ್ನೇ ಮಾರುತ್ತಿರುವವರು ಕಂಡರೆ ಪೊಲೀಸರಿಗೆ ಹೇಳಿ. ಅಮೆರಿಕದ ಎನ್‌ಕ್ಲೆಕ್ಸ್ ಪರೀಕ್ಷೆ ಪಾಸಾಗುವುದೊಂದು, ಭಾರತೀಯರ ಗ್ರೀನ್ ಕಾರ್ಡ್ ಸಾಲು ಕರಗುವುದು ಇನ್ನೊಂದು. ಆ ಸಾಲು ವರ್ಷಗಟ್ಟಲೆ ಉದ್ದವಿದೆ. ಈಗ ನನಗೆ ಮನಸ್ಸಿಗೆ ಬರುವುದು ಜರ್ಮನಿ. ಅಲ್ಲಿ ಮುದುಕರು ಹೆಚ್ಚು, ನರ್ಸ್‌ಗಳು ಕಡಿಮೆ. ಆದರೆ ಜರ್ಮನ್ ಭಾಷೆಯಲ್ಲಿ ಬಿ2 ಮಟ್ಟ ಮುಟ್ಟದೆ ಅಲ್ಲಿ ಪೂರ್ಣ ನರ್ಸ್ ಎಂದು ಒಪ್ಪುವುದಿಲ್ಲ. ಅದಕ್ಕೆ ಒಂದು ವರ್ಷಕ್ಕೂ ಮೀರಿ ದಿನಾ ಕೂತು ಕಲಿಯಬೇಕು. ಡ್ಯೂಟಿ ಮಾಡುತ್ತಲೇ ಕಲಿತವರಿದ್ದಾರೆ, ಕಲಿಯಲಾಗದೆ ಫೀಸು ಕಳಕೊಂಡವರೂ ಇದ್ದಾರೆ. ನಿಮಗೆ ಭಾಷೆ ಒಗ್ಗುತ್ತದೋ ಇಲ್ಲವೋ ಎಂದು ಎ1 ತರಗತಿಯಲ್ಲೇ ಗೊತ್ತಾಗಿಬಿಡುತ್ತದೆ. ಅಲ್ಲಿಯವರೆಗೆ ಮುಂದಿನ ಹಂತಗಳ ದುಡ್ಡು ಕಟ್ಟಬೇಡಿ.

ಈಗ ಮೂವತ್ತು ದಾಟಿದ ತಂಗಿಯರಿಗೆ.

ನಿಮಗೆ ಬೇಕಾಗಿರುವುದು ಧೈರ್ಯದ ಮಾತಲ್ಲ, ವಯಸ್ಸಿನ ಲೆಕ್ಕ. ಜಿಎನ್‌ಎಂ ಸೇರಲು ಗರಿಷ್ಠ ವಯಸ್ಸು 35, ಬಿಎಸ್ಸಿಗೂ ಈಗ 35. ಎಎನ್‌ಎಂ ಆದವರು ಜಿಎನ್‌ಎಂಗೆ ಹೋಗುವುದಾದರೆ ಮಾತ್ರ ವಯಸ್ಸಿನ ತಡೆಯಿಲ್ಲ. ಬಿಎಸ್ಸಿಗೆ ಪಿಯುಸಿಯಲ್ಲಿ ವಿಜ್ಞಾನ ಬೇಕು. ಜಿಎನ್‌ಎಂಗೆ ಕಲಾ, ವಾಣಿಜ್ಯ ಓದಿದ್ದರೂ ಆಗುತ್ತದೆ, ಇಂಗ್ಲಿಷಿನಲ್ಲಿ ಅಂಕ ಇರಬೇಕು. ಕೋರ್ಸು ಮೂರು ವರ್ಷ. 33ಕ್ಕೆ ಸೇರಿದರೆ 36ಕ್ಕೆ ಹೊರಬರುತ್ತೀರಿ. ನಮ್ಮ ರಾಜ್ಯದ ಸರ್ಕಾರಿ ಹುದ್ದೆಗೆ ಸಾಮಾನ್ಯ ವರ್ಗದ ಗರಿಷ್ಠ ವಯಸ್ಸು 35, ಹಿಂದುಳಿದ ವರ್ಗಕ್ಕೆ 38, ಪರಿಶಿಷ್ಟ ಜಾತಿ ಪಂಗಡ ಮತ್ತು ಪ್ರವರ್ಗ 1ಕ್ಕೆ 40. ಆಗಾಗ ಸರ್ಕಾರ ಸಡಿಲಿಸುತ್ತದೆ, ಆದರೆ ಅದನ್ನು ನಂಬಿ ಮನೆ ಸಾಲ ಮಾಡಬೇಡಿ. ಗಂಡನನ್ನು ಕಳಕೊಂಡವರಿಗೆ ನೇಮಕಾತಿ ನಿಯಮದಲ್ಲೇ ಹತ್ತು ವರ್ಷದವರೆಗೆ ಸಡಿಲಿಕೆ ಇದೆ. ಇದು ಎಷ್ಟೋ ಜನಕ್ಕೆ ತಿಳಿದೇ ಇಲ್ಲ. ರೈಲ್ವೆಯ ಈಚಿನ ಅಧಿಸೂಚನೆಯಲ್ಲಿ ನರ್ಸಿಂಗ್ ಹುದ್ದೆಗೆ 40ರವರೆಗೆ ಅವಕಾಶವಿತ್ತು. ಏಮ್ಸ್ ನಿಮ್ಮ ಪಾಲಿಗಿಲ್ಲ, ಅದನ್ನು ಮನಸ್ಸಿನಿಂದ ತೆಗೆದುಬಿಡಿ. ಫೀಸು ಕಟ್ಟುವ ಮುಂಚೆ ಒಂದು ಹಾಳೆಯಲ್ಲಿ ನಿಮ್ಮ ಹುಟ್ಟಿದ ದಿನಾಂಕ ಬರೆದು, ಎದುರಿಗೆ ಈ ವರ್ಷಗಳನ್ನು ಬರೆದುಕೊಳ್ಳಿ. ಯಾವ ಬಾಗಿಲು ತೆರೆದಿದೆ ಎಂದು ನಿಮಗೇ ಕಾಣುತ್ತದೆ.

35 ದಾಟಿಬಿಟ್ಟಿದ್ದರೆ ನಿಮ್ಮನ್ನು ಬಲೆಗೆ ಕೆಡವಲು ಆರು ತಿಂಗಳ 'ನರ್ಸಿಂಗ್ ಕೋರ್ಸು'ಗಳು ಕಾದಿವೆ. ಬಸ್ ಸ್ಟ್ಯಾಂಡಿನ ಕಂಬದ ಮೇಲೆ ಅವುಗಳ ಪೋಸ್ಟರು, ಬಿಳಿ ಯೂನಿಫಾರ್ಮಿನ ಫೋಟೊ. ಅದು ಮುಗಿಸಿದರೆ ಕೌನ್ಸಿಲ್ ನೋಂದಣಿ ಸಿಗುವುದಿಲ್ಲ, ನೀವು ನರ್ಸ್ ಆಗುವುದಿಲ್ಲ. ಇದನ್ನು ಮುಚ್ಚಿಟ್ಟು ಅರವತ್ತು ಎಂಬತ್ತು ಸಾವಿರ ಕಿತ್ತುಕೊಳ್ಳುತ್ತಾರೆ. ರೋಗಿಗಳ ಆರೈಕೆಯ ಸಹಾಯಕರಾಗುವ ಜನರಲ್ ಡ್ಯೂಟಿ ಅಸಿಸ್ಟೆಂಟ್ ತರಬೇತಿ ಬೇರೆ. ಸರ್ಕಾರಿ ಕೌಶಲ್ಯ ಯೋಜನೆಗಳಲ್ಲಿ ಅದು ಪುಕ್ಕಟೆಯಾಗಿಯೂ ಸಿಗುತ್ತದೆ. ಸಹಾಯಕಿಯ ಕೆಲಸ ಎಂದು ತಿಳಿದೇ ಹೋದರೆ ಅದರಲ್ಲಿ ಮರ್ಯಾದೆಗೆ ಏನೂ ಕೊರತೆಯಿಲ್ಲ. ಬೆಂಗಳೂರಿನಲ್ಲಿ ಮಕ್ಕಳು ಹೊರದೇಶದಲ್ಲಿರುವ ವಯಸ್ಸಾದವರ ಮನೆಗಳಿಗೆ ನಂಬಿಕೆಯ ಹೆಂಗಸರು ಬೇಕೆಂದು ಹುಡುಕುವವರು ಎಷ್ಟೋ. ಆದರೆ ಇಂಜೆಕ್ಷನ್ ಕೊಡು ಎಂದರೆ ಕೊಡಬೇಡಿ; ಏನಾದರೂ ಆದರೆ ನಿಮ್ಮ ಬೆನ್ನಿಗೆ ಯಾವ ಕೌನ್ಸಿಲೂ ನಿಲ್ಲುವುದಿಲ್ಲ.

ತಡವಾಗಿ ಓದಿ ನರ್ಸ್ ಆದವರಿಗೆ ಓದಿಗಿಂತ ಕಷ್ಟವಾಗುವುದು ವಾರ್ಡಿನ ದೊಡ್ಡ-ಚಿಕ್ಕದು. ಅಲ್ಲಿ ಹಿರಿತನ ಎಣಿಸುವುದು ಸೇರಿದ ದಿನಾಂಕದಿಂದ, ಹುಟ್ಟಿದ ದಿನಾಂಕದಿಂದಲ್ಲ. 25ರ ಇನ್‌ಚಾರ್ಜ್ 38ರ ನಿಮ್ಮನ್ನು ಎಲ್ಲರೆದುರು "ಸಿಸ್ಟರ್, ಐ-ಓ ಚಾರ್ಟ್ ಯಾಕೆ ಬರೆದಿಲ್ಲ?" ಎನ್ನುತ್ತಾಳೆ. ಮನೆಯಲ್ಲಿ ಅತ್ತಿಗೆಯೋ ಅಮ್ಮನೋ ಆಗಿ ಮಾತು ನಡೆಸಿಕೊಂಡವರಿಗೆ ಇದು ಚುಚ್ಚುತ್ತದೆ. ಅವಳನ್ನು ಮೇಡಂ ಎಂದೇ ಕರೆಯಿರಿ, ಚಾರ್ಟ್ ಬರೆಯಿರಿ. ಆರು ತಿಂಗಳು ಕಳೆಯಲಿ. ರಾತ್ರಿ ಒಂದು ಗಂಟೆಗೆ ರೋಗಿ ಸತ್ತು ಮನೆಯವರು ಕೂಗಾಡಿಕೊಂಡು ಬಂದಾಗ ಅದೇ ಹುಡುಗಿ ನಿಮ್ಮ ಹಿಂದೆ ಬಂದು ನಿಲ್ಲುತ್ತಾಳೆ. ಸಾವಿನ ಮನೆಯಲ್ಲಿ ಹೇಗೆ ಮಾತಾಡಬೇಕೆಂದು ನಿಮಗೆ ಗೊತ್ತು, ಅವಳಿಗೆ ಇನ್ನೂ ಗೊತ್ತಿಲ್ಲ. ಮೂರು ವರ್ಷದ ಪಾಠದಲ್ಲಿ ಅದು ಇಲ್ಲ. ಹೆರಿಗೆ ವಾರ್ಡು, ಕ್ಯಾನ್ಸರ್ ವಾರ್ಡು, ಕೊನೆಗಾಲದ ಆರೈಕೆ ಕೇಂದ್ರಗಳು ನಿಮ್ಮಂಥವರಿಗೆ ಹೇಳಿ ಮಾಡಿಸಿದ ಜಾಗ. ಬೆಂಗಳೂರಿನ ಕರುಣಾಶ್ರಯದಂಥ ಕಡೆ ಒಮ್ಮೆ ಹೋಗಿ ನೋಡಿ ಬನ್ನಿ.

ಮೈಯ ಲೆಕ್ಕವನ್ನೂ ಹಾಕಿ. ನಲವತ್ತರ ನಂತರ ಸತತ ನೈಟ್ ಡ್ಯೂಟಿ ಸೊಂಟವನ್ನು, ಕಾಲಿನ ನರವನ್ನು ಹಿಡಿಯುತ್ತದೆ. ರಾತ್ರಿ ಮಕ್ಕಳನ್ನು ಯಾರು ನೋಡುತ್ತಾರೆ ಎಂಬುದಕ್ಕೆ ಉತ್ತರ ಸಿಗದೆ ಕೋರ್ಸಿಗೆ ಸೇರಬೇಡಿ. ಗಂಡ, ಅತ್ತೆ "ಹೇಗೋ ಆಗುತ್ತೆ" ಎಂದರೆ ಆಗುವುದಿಲ್ಲ ಎಂದು ತಿಳಿಯಿರಿ. ಯಾವ ದಿನ ಯಾರು ಎಂದು ಹೆಸರು ಹಿಡಿದು ಒಪ್ಪಿಸಿ.

ಮದುವೆ, ಮಕ್ಕಳು ಎಂದು ಹತ್ತು ವರ್ಷ ಕೆಲಸ ಬಿಟ್ಟು ಮತ್ತೆ ಬರಬೇಕೆನ್ನುವ ಹಳೆಯ ನರ್ಸ್‌ಗಳೂ ಈ ಸಾಲಿನವರೇ. ನಿಮ್ಮ ನೋಂದಣಿ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ ಸಿಎನ್‌ಇ, ಅಂದರೆ ನಿರಂತರ ಕಲಿಕೆಯ ತರಗತಿಗಳ ಗಂಟೆ ತೋರಿಸಬೇಕು. ಮೊದಲು ಅದನ್ನು ಸರಿಮಾಡಿಕೊಳ್ಳಿ. ನೀವು ಬಿಟ್ಟಾಗ ಕಡಿಮೆಯಿದ್ದ ಇನ್‌ಫ್ಯೂಷನ್ ಪಂಪು, ಕಂಪ್ಯೂಟರ್ ಚಾರ್ಟಿಂಗ್ ಈಗ ಬಹಳ ಕಡೆ ಇದೆ. ಎರಡು ತಿಂಗಳು ಯಾರದಾದರೂ ಜೊತೆ ನಿಂತು ಕೆಲಸ ನೋಡಿದರೆ ಕೈಗೆ ಬರುತ್ತದೆ. ವಾರ್ಡಿನಲ್ಲಿ ನಿಲ್ಲಲಾಗದವರಿಗೆ ಸೋಂಕು ನಿಯಂತ್ರಣ, ಗುಣಮಟ್ಟ ವಿಭಾಗ, ವಿಮೆ ಕ್ಲೇಮು ಪರಿಶೀಲನೆ, ಫ್ಯಾಕ್ಟರಿಯ ಆರೋಗ್ಯ ಕೊಠಡಿ, ಶಾಲೆಯ ಸಿಕ್ ರೂಮು ಇವೆ. ಹಾಸಿಗೆ ಪಕ್ಕ ದುಡಿದ ವರ್ಷಗಳಿಲ್ಲದವರನ್ನು ಅಲ್ಲಿಗೂ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಹೊಸಬರು ಅವುಗಳ ಮೇಲೆ ಈಗಲೇ ಕಣ್ಣಿಡಬೇಡಿ. ಒಂದು ವಿಷಯದಲ್ಲಿ ಗಟ್ಟಿಯಾಗಬೇಕೆನ್ನುವ ಕಿರಿಯರಿಗೆ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾಗಳಿವೆ. ನಿಮ್ಹಾನ್ಸಿನ ಮನೋವೈದ್ಯಕೀಯ ನರ್ಸಿಂಗ್ ಡಿಪ್ಲೊಮಾಕ್ಕೆ ದೇಶದಾದ್ಯಂತ ಹೆಸರಿದೆ.

ಬ್ರದರ್‌ಗಳಿಗೆ ಪ್ರತ್ಯೇಕ ಹೇಳಬೇಕಾದ್ದು ಹೆಚ್ಚಿಲ್ಲ. ಕ್ಯಾಜುವಾಲ್ಟಿ, ಡಯಾಲಿಸಿಸ್, ಕ್ಯಾತ್ ಲ್ಯಾಬ್, ಮಾನಸಿಕ ಆರೋಗ್ಯ ವಿಭಾಗಗಳಲ್ಲಿ ನಿಮ್ಮನ್ನೇ ಹುಡುಕುತ್ತಾರೆ. ಮದುವೆಯ ಮಾತುಕತೆಯಲ್ಲಿ ಹುಡುಗನ ಕೆಲಸ ಏನೆಂದು ಕೇಳಿದಾಗ "ಆಸ್ಪತ್ರೆಯಲ್ಲಿ" ಎಂದು ಮುಚ್ಚಿ ಹೇಳುವುದನ್ನು ಮಾತ್ರ ಬಿಡಿ.

ಕನ್ನಡದ ಮಕ್ಕಳು ಇಂಗ್ಲಿಷ್ ಬರುವುದಿಲ್ಲ ಎಂದು ಸಂದರ್ಶನದಲ್ಲಿ ಕುಗ್ಗುತ್ತಾರೆ. ಇಂಗ್ಲಿಷ್ ಕಲಿಯಿರಿ, ಬೇಕೇ ಬೇಕು; ಡಾಕ್ಟರ ಆರ್ಡರ್, ಕೇಸ್ ಶೀಟ್ ಎಲ್ಲ ಅದರಲ್ಲೇ. ಆದರೆ ಹೊರರಾಜ್ಯದ ನರ್ಸ್‌ಗಳೇ ತುಂಬಿರುವ ಬೆಂಗಳೂರಿನ ಐಸಿಯುನಲ್ಲಿ ಸಿಂಧನೂರಿನ ಅಜ್ಜಿ "ಎದಿ ಹಿಡಕೊಂಡಂಗ ಆಗೇತಿ" ಎಂದಾಗ ಅದರ ಅರ್ಥ ತಿಳಿದು ಇಸಿಜಿ ಮಷೀನು ಎಳೆದು ತರುವವರು ನೀವೊಬ್ಬರೇ ಆಗಿರಬಹುದು. ಸಂದರ್ಶನದಲ್ಲಿ ಅದನ್ನೂ ಹೇಳಿಕೊಳ್ಳಿ. ಉತ್ತರದ ಕನ್ನಡ, ಕರಾವಳಿಯ ತುಳು, ಉರ್ದು, ತೆಲುಗು, ಏನು ಬರುತ್ತದೋ ಎಲ್ಲ ಬಯೋಡೇಟಾದಲ್ಲಿ ಬರೆಯಿರಿ.

ಕೊನೆಯದಾಗಿ, ಸೇರುವ ಮುಂಚೆಯೇ ಆಗಬೇಕಾದ ಕೆಲಸ. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸು: ಇವತ್ತು ಒಂದು, ತಿಂಗಳಿಗೆ ಇನ್ನೊಂದು, ಆರನೇ ತಿಂಗಳಿಗೆ ಮೂರನೆಯದು. ಹೆಚ್ಚಿನವರು ಎರಡು ಹಾಕಿಸಿಕೊಂಡು ಮೂರನೆಯದು ಮರೆತಿರುತ್ತೀರಿ. ಮೂರೂ ಆಗಿ ಒಂದೆರಡು ತಿಂಗಳಿಗೆ ರಕ್ತದಲ್ಲಿ ಆಂಟಿಬಾಡಿ ಮಟ್ಟ ಪರೀಕ್ಷಿಸಿ, ರಿಪೋರ್ಟನ್ನು ನೋಂದಣಿ ಪತ್ರದ ಜೊತೆಗೇ ಇಟ್ಟುಕೊಳ್ಳಿ. ಸೂಜಿ ಚುಚ್ಚಿದರೆ ಸೋಪು ನೀರಿನಲ್ಲಿ ತೊಳೆದು, ಹಿಂಡದೆ, ಆಗಲೇ ಇನ್‌ಚಾರ್ಜ್‌ಗೆ ಹೇಳಿ ಬರೆಸಿ. ಬೈಗುಳಕ್ಕೆ ಹೆದರಿ ಮುಚ್ಚಿಡಬೇಡಿ. ಎಚ್‌ಐವಿ ತಡೆಯುವ ಮಾತ್ರೆ ಶುರುಮಾಡಬೇಕಾದರೆ ಎಷ್ಟು ಬೇಗವೋ ಅಷ್ಟು ಒಳ್ಳೆಯದು, 72 ಗಂಟೆ ದಾಟಿದ ಮೇಲೆ ಅದನ್ನು ಕೊಡುವುದಿಲ್ಲ.